ಆಯ್ತು ಅಂದ್ರೆ ಏನಾಯ್ತು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಮನೆಯಲ್ಲಿ ಉಳಿದುಕೊಂಡದ್ದು ಮಾತ್ರ ಆಯ್ತಪ್ಪ. ಅಡುಗೆಮನೆ ನಲ್ಲಿ ಸೋರುತ್ತಿದೆ, ಪ್ಲಂಬರ್‌ನ ಕರೆದುಕೊಂಡು ಬಾ ಎಂದರೆ ‘ಆಯ್ತು’. ಗ್ಯಾಸ್ ಮುಗೀತಾ ಬಂತು, ಬುಕ್ ಮಾಡು ಎಂದರೆ ‘ಆಯ್ತು’. ನಾಲ್ಕು ದಿನ ಬಿಟ್ಟು ‘ಏನಾಯ್ತೋ ಅದು?’ ಎಂದು ಕೇಳಿದರೂ ‘ಆಯ್ತಮ್ಮ’. ಮೊದಲನೆಯ ಆಯ್ತು ಮಾಡುತ್ತೇನೆ ಎಂದೋ, ಎರಡನೆಯದು ಮಾಡಿ ಮುಗಿಸಿದೆ ಎಂದೋ, ಅಥವಾ ಎರಡೂ ಸೇರಿ ನನ್ನ ಪಾಡಿಗೆ ನನ್ನನ್ನು ಬಿಡು ಎಂದೋ ಅವನಿಗೇ ಸರಿಯಾಗಿ ಗೊತ್ತಿರಲಿಲ್ಲ. ನಲ್ಲಿಯೊಂದು ಮಾತ್ರ ತೊಟಕ್ ತೊಟಕ್ ಎಂದು ಅವನ ವಿರುದ್ಧ ಸಾಕ್ಷಿ ಹೇಳುತ್ತಲೇ ಇತ್ತು.

ಹೊಟ್ಟೆಪಾಡಿಗೆ ಅವನು ಒಬ್ಬ ವಕೀಲರ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದ. ‘ನಾನು ಕೋರ್ಟ್ ಕಡೆ ಇದ್ದೀನಿ’ ಎಂದು ನೆಂಟರ ಮುಂದೆ ಹೇಳಿಕೊಳ್ಳುತ್ತಿದ್ದ. ‘ಜೇಬುಗಳ್ಳರೂ ಹಾಗೇ ಹೇಳ್ಕೋಬಹುದು’ ಎಂದು ಅಕ್ಕ ಕಾಲೆಳೆಯುತ್ತಿದ್ದಳು. ಸೌಟಿಗೆ ಅಡುಗೆಯ ರುಚಿ ಎಷ್ಟು ಗೊತ್ತೋ ಅವನಿಗೆ ಕಾನೂನು ಅಷ್ಟು ಗೊತ್ತು. ದಿನವಿಡೀ ಅದರಲ್ಲೇ ಮುಳುಗಿ ಏಳುವುದು, ನಾಲಿಗೆಗೆ ಮಾತ್ರ ಏನೂ ಹತ್ತದು. ತಿಂಗಳ ಸಂಬಳದಲ್ಲಿ ಒಂದು ಇಸ್ತ್ರಿ ಮಾಡಿದ ಬಿಳಿ ಅಂಗಿಯ ಗತ್ತನ್ನು ಅವನು ಹೇಗೋ ಕಾಪಾಡಿಕೊಂಡು ಬಂದಿದ್ದ. ಮನೆ ನಡೆಯುತ್ತಿದ್ದದ್ದು ಅಕ್ಕನ ದುಡಿಮೆಯಲ್ಲಿ. ಅವಳು ಆಸ್ಪತ್ರೆಯಲ್ಲಿ ನರ್ಸು. ಊರಿಗೆಲ್ಲ ಅವಳು ಸಿಸ್ಟರ್. ಹಾಗೆ ಕರೆಯದೆ ಉಳಿದವನು ಒಡಹುಟ್ಟಿದ ಇವನೊಬ್ಬನೇ.

ಅಂಥ ಅಕ್ಕ ಒಂದು ಸಂಜೆ ಪೊಲೀಸ್ ಜೀಪಿನಿಂದ ಇಳಿದಳು.

ಜೊತೆಗೆ ಬಂದ ಮಹಿಳಾ ಪೇದೆ ಒಳ್ಳೆಯವಳೇ. ಗೇಟಿನ ಹತ್ತಿರವೇ ನಿಂತು, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ, “ಕೇಳಿದಾಗ ಬರ್ಬೇಕಾಗುತ್ತೆ ಸಿಸ್ಟರ್, ಊರು ಬಿಟ್ಟು ಹೋಗ್ಬೇಡಿ” ಎಂದು ಹೇಳಿ ಹೋದಳು. ಜೀಪು ತಿರುಗಿಕೊಳ್ಳುವಷ್ಟರಲ್ಲಿ ಎದುರುಮನೆಯ ಕಿಟಕಿಗಳೆಲ್ಲ ತೆರೆದುಕೊಂಡಿದ್ದವು. ಅಮ್ಮ ಒಳಗಿಂದ ಬಂದವಳು ಮಗಳ ಸಮವಸ್ತ್ರದ ಮೇಲೆ ಕಣ್ಣಾಡಿಸಿದಳು, ಎಲ್ಲಿಯಾದರೂ ರಕ್ತವಿದೆಯೋ ಎಂಬಂತೆ. ಇರಲಿಲ್ಲ. ಅಕ್ಕ ಚಪ್ಪಲಿ ಬಿಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು, “ಟೈಲರ್ ಹೋಗ್ಬಿಟ್ರು” ಎಂದಳು.

ಟೈಲರ್ ಎಂದರೆ ಅವಳ ವಾರ್ಡಿನಲ್ಲಿದ್ದ ರೋಗಿ. ಕಾಲಿನ ಗಾಯ ಕೀವುಗಟ್ಟಿ ಆಸ್ಪತ್ರೆ ಸೇರಿದ್ದ ಮನುಷ್ಯ. ಮಂಚದ ಮೇಲೆ ಕೂತೇ ಅಕ್ಕನ ಸಮವಸ್ತ್ರದ ತೋಳು ಸರಿಯಿಲ್ಲವೆಂದು ಬೈದು, ವಾಸಿಯಾದ ಮೇಲೆ ಬಿಚ್ಚಿ ಹೊಲಿದುಕೊಡುತ್ತೇನೆ ಎಂದಿದ್ದನಂತೆ. ಗಾಯಕ್ಕೆ ಪೆನಿಸಿಲಿನ್ ಜಾತಿಯ ಇಂಜೆಕ್ಷನ್ ಕೊಡಬೇಕಿತ್ತು. ಆ ಔಷಧ ಕೆಲವರ ಮೈಗೆ ಆಗಿಬರುವುದಿಲ್ಲ. ಅದಕ್ಕೆ ಮೊದಲು ಮುಂಗೈಯ ಚರ್ಮದಡಿ ಒಂದು ತೊಟ್ಟು ಚುಚ್ಚಿ, ಸುತ್ತ ಪೆನ್ನಿನಲ್ಲಿ ಒಂದು ಸೊನ್ನೆ ಬರೆದು, ಕಾದು ನೋಡುತ್ತಾರೆ. ಊದಿಕೊಂಡರೆ ಆ ಔಷಧ ಬೇಡ. ಅದಕ್ಕೆ ಟೆಸ್ಟ್ ಡೋಸ್ ಅನ್ನುತ್ತಾರೆ.

“ಜೊತೆಗಿದ್ದ ಸಿಸ್ಟರ್‌ನ ಬೆಳಗ್ಗೆನೇ ಬೇರೆ ವಾರ್ಡಿಗೆ ಕಳಿಸಿದ್ರು,” ಅಕ್ಕ ನೆಲ ನೋಡುತ್ತ ಹೇಳಿದಳು. “ನಾನೊಬ್ಳೇ. ಮೂಲೇಲಿ ಒಬ್ರು ಅಜ್ಜ ವಾಂತಿ ಮಾಡ್ಕೊಳ್ತಿದ್ರು, ಅವರ ತಲೆ ಹಿಡ್ಕೊಂಡು ಬೇಸಿನ್ ಒಡ್ಡಿದ್ದೆ. ಚಿಕ್ಕ ಡಾಕ್ಟ್ರು ಬಾಗಿಲಿಂದ ಕೇಳಿದ್ರು, ‘ಸಿಸ್ಟರ್, ಟೈಲರ್‌ದು ಟೆಸ್ಟ್ ಡೋಸ್?’ ಅಂತ. ನಾನು ತಿರುಗಿನೂ ನೋಡ್ಲಿಲ್ಲ. ‘ಆಯ್ತು ಡಾಕ್ಟ್ರೇ’ ಅಂದೆ.”

ನಲ್ಲಿ ತೊಟಕ್ ಎಂದಿತು.

“ಅಜ್ಜನ್ನ ಮಲಗಿಸಿ, ಕೈ ತೊಳ್ಕೊಂಡು, ಚಿಕ್ಕ ಸಿರಿಂಜ್ ತಗೊಂಡು ತಿರುಗಿದ್ರೆ, ಅವರು ಪೂರ್ತಿ ಡೋಸ್ ಕೊಟ್ಟು ಖಾಲಿ ಸಿರಿಂಜ್ ಹೊರಗೆ ತೆಗೀತಿದ್ರು. ನಾನು ಒಬ್ಳೇ ಒದ್ದಾಡ್ತಿದೀನಿ ಅಂತ ಪಾಪ ಸಹಾಯ ಮಾಡೋಕೆ ಹೋದ್ರು.” ಟೈಲರ್ ಕತ್ತು ತುರಿಸಿಕೊಂಡ ಎಂದಷ್ಟೇ ಹೇಳಿ, ತನ್ನ ಕತ್ತಿನ ಮೇಲೆ ಕೈಯಿಟ್ಟುಕೊಂಡು ಕೂತಳು.

ತಮ್ಮ ಗೋಡೆಗೆ ಒರಗಿ ನಿಂತಿದ್ದ. ಕೇಳಬಾರದೆಂದುಕೊಂಡೇ ಕೇಳಿದ. “ನೀನು ಅಂದಿದ್ದು ಯಾವ ಆಯ್ತು?”

ಅಕ್ಕ ತಲೆಯೆತ್ತಿದಳು. “ನಿನ್ನ ಮೊದಲನೇ ಆಯ್ತು ಕಣೋ, ‘ಮಾಡ್ತೀನಿ’ ಅನ್ನೋದು,” ಎಂದಳು.

ಅವನ ಜೀವಮಾನದಲ್ಲಿ ಆ ಪದಕ್ಕೆ ಹೆದರಿದ್ದು ಅದೇ ಮೊದಲು.

ಮಾರನೆಯ ದಿನ ಅವನು ವಕೀಲರ ಮುಂದೆ ನಿಂತ. ಹಲವು ವರ್ಷಗಳಿಂದ ಅವರ ಮಾತನ್ನು ಟೈಪ್ ಮಾಡುತ್ತ ಬಂದವನು ಅಂದು ಮೊದಲ ಸಲ ಕಿವಿಗೊಟ್ಟು ಕೇಳಿದ. ವಕೀಲರು ಕನ್ನಡಕವನ್ನು ಹಣೆಗೇರಿಸಿಕೊಂಡರು.

“ನೋಡಪ್ಪ, ದಾರೀಲಿ ಎಡವಿದವನೂ ಬೀಳ್ತಾನೆ, ಕಣ್ಣು ಮುಚ್ಕೊಂಡು ಓಡಿದವನೂ ಬೀಳ್ತಾನೆ. ಇಬ್ರೂ ಇನ್ನೊಬ್ರ ಮೇಲೇ ಬಿದ್ರು ಅಂತಿಟ್ಕೋ. ಕ್ರಿಮಿನಲ್ ಕೋರ್ಟಿಗೆ ಬೇಕಾಗಿರೋದು ಕಣ್ಣು ಮುಚ್ಕೊಂಡು ಓಡಿದವನು. ಸುಮ್ನೆ ಎಡವಿದವನನ್ನ ಜೈಲಿಗೆ ಹಾಕಿದ್ರೆ ನಾಳೆ ಯಾವ ಡಾಕ್ಟ್ರೂ ರೋಗಿ ಮೈ ಮುಟ್ಟಲ್ಲ. ಸಿವಿಲ್ ಕೋರ್ಟಿನ ದಾರಿ ಬೇರೆ. ಕೆಳಗೆ ಬಿದ್ದು ಪೆಟ್ಟು ತಿಂದವರು ಯಾರು, ಅವರ ಸಂಸಾರಕ್ಕೆ ಪರಿಹಾರ ಯಾರು ಕೊಡ್ಬೇಕು ಅಂತ ಅದು ಕೇಳುತ್ತೆ. ಅಲ್ಲಿ ಕೆಲಸದವರ ತಪ್ಪು ಯಜಮಾನನ ತಲೆಗೂ ಬರುತ್ತೆ.”

“ಹಾಗಾದ್ರೆ ಅಕ್ಕ ಎಡವಿದವಳು ತಾನೆ ಸರ್?”

“ಅದನ್ನ ಹೇಳೋದು ನಾನಲ್ಲ, ನೀನಲ್ಲ. ಮೂರು ಜನ ಡಾಕ್ಟ್ರು ಕೂತು ವಿಚಾರಣೆ ಮಾಡಿ ಅಭಿಪ್ರಾಯ ಕೊಡ್ತಾರೆ. ಪೊಲೀಸ್‌ನೋರು ಅದಕ್ಕೇ ಕಾಯ್ತಿದಾರೆ. ಅಲ್ಲೀವರೆಗೂ ಯಾರ ಹತ್ರಾನೂ ಬಾಯಿ ಬಿಡ್ಬೇಡಿ. ತಿಳೀತಾ?”

“ಆಯ್ತು ಸರ್,” ಎಂದ ಅವನು.

ಬಾಯಿ ಬಿಡಬಾರದೆಂದು ಹೇಳಿಸಿಕೊಂಡವನನ್ನು ಬಾಯಿ ಬಿಡಿಸುವವರು ಹುಡುಕಿಕೊಂಡು ಬರುವುದು ಲೋಕರೂಢಿ. ವಿಚಾರಣೆಯ ಹಿಂದಿನ ದಿನ ಆಸ್ಪತ್ರೆಯ ಮ್ಯಾನೇಜರು ಫೋನ್ ಮಾಡಿ, ಅಕ್ಕನ ವಿಷಯ ಮಾತಾಡಬೇಕು, ಒಂದು ನಿಮಿಷ ಬಂದು ಹೋಗಿ ಎಂದರು. ಅವನು ಹೋದ. ಹೋಗುವಾಗ ಇಸ್ತ್ರಿ ಅಂಗಿ ಹಾಕಿಕೊಂಡ. ದೊಡ್ಡವರು ಕರೆಸಿದ್ದಾರೆ ಎಂಬ ಒಂದು ಸಣ್ಣ ಜಂಬವೂ ಅಂಗಿಯೊಳಗಿತ್ತು.

ಮ್ಯಾನೇಜರ ಕೋಣೆ ತಣ್ಣಗಿತ್ತು. ಕುರ್ಚಿ ಎಳೆದು ಕೂರಿಸಿದರು, ಟೀ ತರಿಸಿದರು. “ನೀವು ಲಾ ಫೀಲ್ಡಿನವರು, ನಿಮಗೆ ನಾನು ಹೇಳ್ಬೇಕಾ?” ಎಂದು ಶುರು ಮಾಡಿದರು. ಅಷ್ಟಕ್ಕೇ ಆಯ್ತಪ್ಪ ಅರ್ಧ ಕರಗಿದ್ದ.

“ಸಿಸ್ಟರ್ ನಮ್ಮ ಮನೆಯವರ ಹಾಗೆ. ಕೆಲಸದ ಸುಸ್ತಲ್ಲಿ, ಟೆಸ್ಟ್ ಮುಗೀತು ಅನ್ನೋ ಹಾಗೆ ಬಾಯಿತಪ್ಪಿ ಹೇಳ್ಬಿಟ್ರು. ಮನುಷ್ಯರು, ಆಗುತ್ತೆ. ನಾಳೆ ಅಷ್ಟು ಒಪ್ಕೊಂಡ್ರೆ ಸಾಕು. ಒಬ್ರ ಬಾಯಿತಪ್ಪು ಅಂದ್ರೆ ಚಿಕ್ಕ ವಿಷಯ. ವಾರ್ಡಲ್ಲಿ ಜನ ಇರ್ಲಿಲ್ಲ, ಅದು ಇದು ಅಂತ ಶುರುವಾದ್ರೆ ಇಡೀ ಆಸ್ಪತ್ರೆ ಬೀದಿಗೆ ಬರುತ್ತೆ. ಅವರ ಕೆಲಸ ಎಲ್ಲೂ ಹೋಗಲ್ಲ. ಪೊಲೀಸ್ ಕಡೆ ನಾವು ನೋಡ್ಕೋತೀವಿ. ನಿಮ್ಮ ಮಾತು ಅವರು ಕೇಳ್ತಾರೆ. ಹೇಳ್ತೀರಲ್ಲ?”

ಅವನ ಟೀ ಇನ್ನೂ ಅರ್ಧ ಇತ್ತು. ಬೇಗ ಕುಡಿದು ಎದ್ದುಬಿಡಬೇಕು ಎನ್ನುವುದೊಂದೇ ತಲೆಯಲ್ಲಿ.

“ಆಯ್ತು ಸರ್,” ಎಂದ.

ಮ್ಯಾನೇಜರು ಎದ್ದು ಬಂದು ಅವನ ಕೈ ಕುಲುಕಿದರು. ಯಾಕಿಷ್ಟು ಗಟ್ಟಿಯಾಗಿ ಕುಲುಕುತ್ತಿದ್ದಾರೆ ಎಂದು ಅವನಿಗೆ ಮೆಟ್ಟಿಲಿಳಿಯುವಾಗ ಅನ್ನಿಸಿತು.

ಆಫೀಸಿಗೆ ಬಂದು ವಕೀಲರಿಗೆ ಎಲ್ಲ ಹೇಳಿದ. ಅವರು ಬೈಯುತ್ತಾರೆ ಎಂದುಕೊಂಡಿದ್ದ. ಅವರು ಪೆನ್ನಿನ ಮುಚ್ಚಳ ಹಾಕಿ, ಕುರ್ಚಿ ಸ್ವಲ್ಪ ಹಿಂದಕ್ಕೆ ಸರಿಸಿಕೊಂಡರು.

“ಏನಯ್ಯ ಮಾಡಿದೆ? ನಿಮ್ಮಕ್ಕ ‘ಟೆಸ್ಟ್ ಮುಗೀತು ಅಂತ ಹೇಳಿದ್ದೆ’ ಅಂತ ಒಪ್ಕೊಂಡ್ರೆ ಅದರ ಅರ್ಥ ಗೊತ್ತಾ? ಮಾಡದೇ ಇರೋ ಟೆಸ್ಟನ್ನ ಮಾಡ್ದೆ ಅಂದವಳು. ರೋಗಿ ಜೀವದ ಮೇಲೆ ಸುಳ್ಳು ಹೇಳಿದವಳು. ಕಣ್ಣು ಮುಚ್ಕೊಂಡು ಓಡಿದವಳು ಅಂತ ಕ್ರಿಮಿನಲ್ ಕೋರ್ಟು ಹುಡುಕ್ತಿರೋದು ಅವಳನ್ನೇ. ಪೊಲೀಸ್ ಕಡೆ ನೋಡ್ಕೋತೀವಿ ಅಂದ್ರಂತಲ್ಲ, ಯಾರನ್ನ ನೋಡ್ಕೋತಾರೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ.”

“ನಾನು ಒಪ್ಪಿಲ್ಲ ಸರ್. ಅಕ್ಕನಿಗೆ ಹೇಳ್ತೀನಿ ಅಂತ ಸುಮ್ನೆ...”

“ಸುಮ್ನೆ ಏನಂದೆ?”

ಅವನು ಜೇಬಿನಿಂದ ಫೋನ್ ತೆಗೆದ.

ಅಂದು ಮಧ್ಯಾಹ್ನದಿಂದ ಅವನು ಮ್ಯಾನೇಜರಿಗೆ ಫೋನ್ ಮಾಡುತ್ತಲೇ ಇದ್ದ. ಅತ್ತ ಎತ್ತುವವರಿಲ್ಲ. ಕೆಲಸ ಮುಗಿದ ಮೇಲೆ ಯಾರು ಎತ್ತುತ್ತಾರೆ? ಮನೆಗೆ ಬಂದರೆ ಅಕ್ಕ ನಾಳೆಗೆಂದು ಸೀರೆ ಮಡಿಸಿಡುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದ. “ಊಟ ಮಾಡ್ತೀಯೇನೋ?” ಎಂದಳು. ತೆರೆದ ಬಾಯಿ ಊಟಕ್ಕೆ ಉಪಯೋಗವಾಯಿತು. ಬೆಳಗ್ಗೆ ಹೇಳಿದರಾಯ್ತು ಎಂದುಕೊಂಡ. ಆ ಪದ ಅವನನ್ನು ಮನಸ್ಸಿನೊಳಗೂ ಬಿಡಲೊಲ್ಲದು.

ವಿಚಾರಣೆಯ ಕೋಣೆಯ ಹೊರಗೆ ಉದ್ದನೆಯ ಬೆಂಚಿತ್ತು. ಒಂದು ತುದಿಗೆ ಟೈಲರನ ಹೆಂಡತಿ ಕೂತಿದ್ದಳು, ಪಕ್ಕದಲ್ಲಿ ಅವಳ ಮೈದುನ. ಇನ್ನೊಂದು ತುದಿಗೆ ಅಕ್ಕ, ವಕೀಲರು, ಇವನು. ನಡುವೆ ಖಾಲಿ ಜಾಗದಲ್ಲಿ ಯಾರೂ ಕೂರಲಿಲ್ಲ. ಮ್ಯಾನೇಜರು ಬಂದವರು ಅಕ್ಕನ ಮುಂದೆ ನಿಂತು, ನಗುತ್ತ, “ಥ್ಯಾಂಕ್ಸ್ ಸಿಸ್ಟರ್. ಒಳ್ಳೇ ತೀರ್ಮಾನ ಮಾಡಿದ್ರಿ” ಎಂದು ಒಳಗೆ ಹೋದರು.

ಅಕ್ಕ ತಮ್ಮನ ಕಡೆ ತಿರುಗಿದಳು. “ಏನು ತೀರ್ಮಾನ?”

“ನಿನ್ನೆ ಕರೆದಿದ್ರು. ನೀನು... ಟೆಸ್ಟ್ ಮುಗೀತು ಅಂತ ಹೇಳಿದ್ದೆ ಅಂತ ಒಪ್ಕೋಬೇಕಂತೆ. ನಾನು ಆಯ್ತು ಅಂದ್ಬಿಟ್ಟೆ.”

ಅವಳು ಅವನ ಬಿಳಿ ಅಂಗಿಯ ಕಾಲರನ್ನೇ ನೋಡಿ, ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಷ್ಟರಲ್ಲಿ ಎಲ್ಲರನ್ನೂ ಒಳಗೆ ಕರೆದರು.

ಮೇಜಿನ ಹಿಂದೆ ಮೂವರು ಡಾಕ್ಟರು. ನಡುವೆ ಕೂತಿದ್ದವರು ವಯಸ್ಸಾದ ಹೆಂಗಸು, ನರೆತ ಜುಟ್ಟು, ಹೊದ್ದ ಶಾಲು. ಬದಿಯಲ್ಲಿ ಪೊಲೀಸ್ ಅಧಿಕಾರಿ. ಗೋಡೆಯ ಹತ್ತಿರ ಆಸ್ಪತ್ರೆಯ ವಕೀಲರು, ಅವರ ಪಕ್ಕ ಚಿಕ್ಕ ಡಾಕ್ಟರ್. ಅವನ ವಯಸ್ಸೂ ಹೆಚ್ಚುಕಡಿಮೆ ಆಯ್ತಪ್ಪನದೇ, ಅಂಗಿಯೂ ಬಿಳಿ, ಬೆವರು ಮಾತ್ರ ಹೆಚ್ಚು.

ಮ್ಯಾನೇಜರೇ ಮೊದಲು ಎದ್ದರು. “ಮೇಡಂ, ಇದರಲ್ಲಿ ವಿವಾದವೇ ಇಲ್ಲ. ಟೆಸ್ಟ್ ಆಗಿದೆ ಅಂತ ಡಾಕ್ಟರಿಗೆ ಹೇಳಿದ್ದು ತನ್ನ ಬಾಯಿತಪ್ಪು ಅಂತ ಸಿಸ್ಟರ್ ಒಪ್ಪಿದಾರೆ.”

“ನಾನು ಒಪ್ಪಿಲ್ಲ,” ಎಂದಳು ಅಕ್ಕ.

“ನಿಮ್ಮ ತಮ್ಮ ನಿನ್ನೆ ನನ್ನ ರೂಮಲ್ಲೇ ಕೂತು ಒಪ್ಪಿ ಹೋದ್ರಲ್ಲ?”

ಪೊಲೀಸ್ ಅಧಿಕಾರಿ ತಲೆಯೆತ್ತಿದ. ಹಿರಿಯ ಡಾಕ್ಟರು, “ಯಾರು ಆ ತಮ್ಮ?” ಎಂದು ಕೇಳಿದರು.

ಬಾಗಿಲ ಹತ್ತಿರ ನಿಂತಿದ್ದವನು ಮುಂದೆ ಬಂದ. ಕೋರ್ಟಿನ ಕಡೆಯವನೆಂದು ಊರೆಲ್ಲ ಹೇಳಿಕೊಂಡು ತಿರುಗಿದವನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ.

“ಏನಂದ್ರಿ ನೀವು ಇವರಿಗೆ?”

“ಆಯ್ತು ಅಂದೆ ಮೇಡಂ.”

“ಮತ್ತೆ ಒಪ್ಪಿದ ಹಾಗೇ ಆಯ್ತಲ್ಲ?”

ಹೌದೆಂದರೆ ಅಕ್ಕ ಜೈಲಿಗೆ, ಇಲ್ಲವೆಂದರೆ ತಾನು ಮಾತು ತಪ್ಪಿದವನು. ಅವನ ಕಿವಿಯಲ್ಲಿ ನಲ್ಲಿ ತೊಟ್ಟಿಕ್ಕಿದ ಹಾಗಾಯಿತು.

“ಇಲ್ಲ ಮೇಡಂ. ನಾನು ಆಯ್ತು ಅಂದಿದ್ದು ಅಕ್ಕನಿಗೆ ಹೇಳ್ತೀನಿ ಅಂತ. ಅದನ್ನೂ ಹೇಳ್ಲಿಲ್ಲ, ಈಗ ಹೊರಗಡೆ ಬೆಂಚ್ ಮೇಲೆ ಹೇಳಿದ್ದು. ಎದ್ದು ಹೋದ್ರೆ ಸಾಕಾಗಿತ್ತು, ಬಾಯಿಗೆ ಬಂದಿದ್ದು ಅಂದೆ.” ಅವನು ಅಕ್ಕನ ಕಡೆ ನೋಡಿದ. “ನನ್ನ ಆಯ್ತನ್ನ ನಮ್ಮನೇಲಿ ಯಾರೂ ನಂಬಲ್ಲ ಮೇಡಂ. ಕರೆಯೋದೇ ಆಯ್ತಪ್ಪ ಅಂತ.”

ಪೊಲೀಸ್ ಅಧಿಕಾರಿಗೆ ನಗು ಬಂದು, ಕೆಮ್ಮಿನಲ್ಲಿ ಮುಚ್ಚಿಕೊಂಡ. ಹಿರಿಯ ಡಾಕ್ಟರು ನಗಲಿಲ್ಲ. ಮ್ಯಾನೇಜರ ಕಡೆ ತಿರುಗಿದರು.

“ಅಷ್ಟೇನಾ ಇವರು ಹೇಳಿದ್ದು? ಬರೀ ಆಯ್ತು? ನೀವು ಅದನ್ನ ಒಪ್ಪಿಗೆ ಅಂತ ತಗೊಂಡ್ರಿ?”

“ಯಾರಾದ್ರೂ ಹಾಗೇ ತಗೋತಾರೆ ಮೇಡಂ. ನಾನು ಕೇಳಿದ್ದಕ್ಕೆ ಆಯ್ತು ಅಂದ್ರೆ...” ಮ್ಯಾನೇಜರು ಅಲ್ಲಿಗೆ ನಿಂತರು. ತಮ್ಮ ಮಾತು ಎಲ್ಲಿಗೆ ಹೋಗಿ ಮುಟ್ಟಿತೆಂದು ಅವರಿಗೂ ತಿಳಿಯಿತು.

ಚಿಕ್ಕ ಡಾಕ್ಟರ್ ತಲೆ ತಗ್ಗಿಸಿದ್ದ.

ಹಿರಿಯರು ಅವನನ್ನು ಕೇಳಿದರು. “ನೀವು ಬಾಗಿಲಲ್ಲಿ ನಿಂತು ಕೇಳಿದ್ದು ಏನು? ಇದ್ದದ್ದು ಇದ್ದ ಹಾಗೆ ಹೇಳಿ.”

“‘ಸಿಸ್ಟರ್, ಟೈಲರ್‌ದು ಟೆಸ್ಟ್ ಡೋಸ್’ ಅಂದೆ ಮೇಡಂ.”

“ಆಗಿದ್ಯಾ ಅಂತಲೋ, ಮಾಡಿ ಅಂತಲೋ?”

ಆಸ್ಪತ್ರೆಯ ವಕೀಲರು ಅವನ ತೋಳು ಮುಟ್ಟಿದರು. ಅವನು ತೋಳು ಬಿಡಿಸಿಕೊಂಡ. “ಆಗಿದ್ಯಾ ಅಂತ ನನ್ನ ಮನಸ್ಸಲ್ಲಿತ್ತು. ಬಾಯಲ್ಲಿ ಬಂದಿರ್ಲಿಲ್ಲ.”

“ಕೈ ನೋಡಿದ್ರಾ? ಪೆನ್ನಿನ ಗುರುತು?”

“ಇಲ್ಲ. ಅವರು ಕೈ ಮಡಚಿಕೊಂಡು ಮಲಗಿದ್ರು.”

“ಆ ಕೈ ನಾನು ಹಿಡ್ಕೊಂಡಿದ್ದೆ.”

ಟೈಲರನ ಹೆಂಡತಿ. ಬಂದಾಗಿನಿಂದ ಅವಳ ಧ್ವನಿ ಯಾರೂ ಕೇಳಿರಲಿಲ್ಲ. “ಗುರುತು ಏನೂ ಇರ್ಲಿಲ್ಲ. ಇರ್ಬೇಕು ಅಂತ ನನಗೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ನಾನೇ ಕೇಳ್ತಿದ್ದೆ.”

ಹಿರಿಯ ಡಾಕ್ಟರು ಕನ್ನಡಕ ತೆಗೆದಿಟ್ಟರು. “ಅಮ್ಮ, ಒಂದು ಮಾತು ಕೇಳ್ತೀನಿ. ಆಯ್ತು ಅಂದ ಮೇಲೆ ಸಿಸ್ಟರ್ ಏನು ಮಾಡಿದ್ರು, ನೋಡಿದ್ರಾ?”

“ಅತ್ತಿಗೆ,” ಎಂದ ಮೈದುನ ಹಿಂದಿನಿಂದ, ಎಚ್ಚರಿಸುವ ಹಾಗೆ. ಒಬ್ಬರಾದರೂ ಜೈಲು ಕಾಣಬೇಕೆಂದು ಅವನು ಹೊರಗೆ ಎರಡು ಸಲ ಹೇಳಿದ್ದನ್ನು ಆಯ್ತಪ್ಪ ಕೇಳಿದ್ದ. ಇವಳ ಒಂದು ಮಾತಿನ ಮೇಲೆ ಅದು ನಿಂತಿತ್ತು. ನೋಡಲಿಲ್ಲ ಎಂದುಬಿಟ್ಟರೆ ಸಾಕು. ಯಾರೂ ಸುಳ್ಳೆನ್ನರು, ಗಂಡನ ಕೈ ಹಿಡಿದು ಕೂತ ಹೆಂಡತಿ ಬೇರೆಯವರನ್ನು ಯಾಕೆ ನೋಡುತ್ತಾಳೆ?

ಅವಳು ಅಕ್ಕನನ್ನು ನೋಡಿದಳು. ಕಣ್ಣಲ್ಲಿ ಕನಿಕರ ಎಳ್ಳಷ್ಟೂ ಇರಲಿಲ್ಲ.

“ಅಜ್ಜನ್ನ ಮಲಗಿಸಿದ್ರು. ಕೈ ತೊಳೆದ್ರು. ಟ್ರೇಯಿಂದ ಚಿಕ್ಕ ಸೂಜಿ ತಗೊಂಡು ನಮ್ಮ ಕಡೆಗೇ ಬರ್ತಿದ್ರು. ಬಂದು ಮುಟ್ಟೋ ಅಷ್ಟರಲ್ಲಿ...” ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಆಮೇಲೆ ತೆಗೆದು, “ಇದ್ದದ್ದು ಹೇಳಿದೀನಿ. ನನಗೆ ಇವರ ಮೇಲೆ ಪ್ರೀತಿ ಇದೆ ಅಂತ ಯಾರೂ ತಿಳ್ಕೋಬೇಡಿ,” ಎಂದಳು.

ಮೂವರು ಡಾಕ್ಟರ ಅಭಿಪ್ರಾಯ ಬಂದಾಗ ವಕೀಲರು ಅದನ್ನು ಅವನ ಕೈಗೇ ಕೊಟ್ಟು ಓದಿಸಿದರು. ಟೆಸ್ಟ್ ಮುಗಿದಿದೆ ಎಂದು ತಿಳಿದವಳು ಮತ್ತೆ ಟೆಸ್ಟಿಗೆಂದು ಸೂಜಿ ಎತ್ತಿಕೊಂಡು ಬರುವುದಿಲ್ಲ. ಆಕೆ ಸುಳ್ಳು ಹೇಳಿಲ್ಲ. ಡಾಕ್ಟರು ಕೈ ನೋಡದೆ ಔಷಧ ಕೊಟ್ಟದ್ದು ತಪ್ಪು, ಆದರೆ ಅಪರಾಧವೆಂದು ಶಿಕ್ಷಿಸುವಂಥ ಘೋರ ಅಜಾಗರೂಕತೆ ಅಲ್ಲ. ಅಂಥ ವಾರ್ಡನ್ನು ಒಬ್ಬ ನರ್ಸಿನ ಮೇಲೆ ಬಿಟ್ಟದ್ದಕ್ಕೆ ಆಸ್ಪತ್ರೆ ಸಿವಿಲ್ ಕೋರ್ಟಿನಲ್ಲಿ ಉತ್ತರ ಹೇಳಬೇಕಾಗಬಹುದು. ಪೊಲೀಸರು ಕ್ರಿಮಿನಲ್ ಕೇಸನ್ನು ಅಲ್ಲಿಗೇ ಬಿಟ್ಟರು. ಅಮ್ಮ ದೇವರಿಗೆ ದೀಪ ಹಚ್ಚಿ, “ಬೀಸೋ ದೊಣ್ಣೆ ತಪ್ಪಿತಲ್ಲ, ಇನ್ನು ನೂರು ವರ್ಷ ಆಯಸ್ಸು” ಎಂದಳು.

ಆದರೆ ದೊಣ್ಣೆ ಒಂದೇ ಇರಲಿಲ್ಲ. ಮ್ಯಾನೇಜರು ಈ ಸಲ ತಮ್ಮನನ್ನು ಬಿಟ್ಟು ನೇರ ಅಕ್ಕನಿಗೇ ಫೋನ್ ಮಾಡಿದರು. ಮುಂದಿನ ವಾರದಿಂದ ಕೆಲಸಕ್ಕೆ ಬನ್ನಿ, ಟೈಲರ್ ಮನೆಯವರು ಹಾಕೋ ಸಿವಿಲ್ ಕೇಸಿನ ಗೊಡವೆ ನಿಮಗೆ ಬೇಡ, ಎಂದರು. ಅಕ್ಕ ಏನೂ ಹೇಳದೆ ಫೋನ್ ಇಟ್ಟಳು. ಮೌನವನ್ನು ಅವರು ಏನೆಂದು ಅರ್ಥ ಮಾಡಿಕೊಂಡರೋ ಯಾರಿಗೆ ಗೊತ್ತು.

ಮರುದಿನ ಟೈಲರನ ಹೆಂಡತಿ ಮನೆ ಹುಡುಕಿಕೊಂಡು ಬಂದಳು. ಒಳಗೆ ಬನ್ನಿ ಎಂದರೂ ಬರಲಿಲ್ಲ, ಹೊಸಿಲ ಆಚೆಯೇ ನಿಂತಳು.

“ಆ ದಿನ ವಾರ್ಡಲ್ಲಿ ನೀವೊಬ್ರೇ ಇದ್ದದ್ದು ಅಂತ ಕೋರ್ಟಲ್ಲಿ ಹೇಳೋರು ಬೇಕಂತೆ. ಇಬ್ರು ಇದ್ರು ಅಂತ ಆಸ್ಪತ್ರೆಯವರು ಹೇಳ್ತಿದಾರೆ. ಬರ್ತೀರಾ?”

ಅಮ್ಮ ಹಿಂದಿನಿಂದ ಮಗಳ ಸೆರಗು ಹಿಡಿದು ಎಳೆದಳು. ಆಯ್ತಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಅಕ್ಕ ಹೋದರೆ ಕೆಲಸ ಹೋಗುತ್ತದೆ, ಕೆಲಸ ಹೋದರೆ ಈ ಮನೆ ಅವನ ಇಸ್ತ್ರಿ ಅಂಗಿಯ ಮೇಲೆ ನಿಲ್ಲಬೇಕು. ಅಂಗಿ ಅಷ್ಟು ಗಟ್ಟಿಯಿರಲಿಲ್ಲ.

ಅಕ್ಕ ಬಾಯಿ ತೆರೆದಳು. ‘ಆ’ ಎಂಬಷ್ಟು ಹೊರಗೆ ಬಂತು. ತುಟಿ ಮುಚ್ಚಿ, ಒಮ್ಮೆ ಉಸಿರೆಳೆದುಕೊಂಡಳು.

“ಬರ್ತೀನಿ. ನಾನೊಬ್ಳೇ ಇದ್ದೆ ಅಂತ ಹೇಳ್ತೀನಿ. ಟೆಸ್ಟ್ ಮಾಡಿರ್ಲಿಲ್ಲ, ತಿರುಗಿ ನೋಡದೆ ಉತ್ತರ ಕೊಟ್ಟೆ ಅಂತಾನೂ ಹೇಳ್ತೀನಿ.”

ಆ ಹೆಂಗಸು ತಲೆಯಾಡಿಸಿದಳು. ಥ್ಯಾಂಕ್ಸ್ ಹೇಳಲಿಲ್ಲ. ಮೆಟ್ಟಿಲಿಳಿದವಳು ತಿರುಗಿ, ಅಕ್ಕನ ತೋಳಿನ ಕಡೆ ನೋಡಿ, “ಆ ಸಮವಸ್ತ್ರದ ತೋಳು ಸರಿಯಿಲ್ಲ ಅಂತ ಅವರು ಮನೇಲೂ ಹೇಳಿದ್ರು,” ಎಂದು ಹೊರಟುಹೋದಳು.

ಅಮ್ಮ ಸಿಟ್ಟಿನಿಂದ ಅಡುಗೆಮನೆಗೆ ಹೋದಳು. ಪಾತ್ರೆಗಳ ಸದ್ದು ನಿಂತ ಮೇಲೆ ನಲ್ಲಿಯ ಸದ್ದು ಉಳಿಯಿತು. ಅವನು ಎದ್ದು ಪ್ಲಂಬರಿಗೆ ಫೋನ್ ಮಾಡಿದ. ಮನೆ ಎಲ್ಲಿ, ನಲ್ಲಿ ಯಾವುದು ಎಲ್ಲ ಹೇಳಿದ.

“ಆಯ್ತು ಸರ್,” ಎಂದ ಪ್ಲಂಬರ್.

“ಆಯ್ತು ಬೇಡ. ಬರ್ತೀರೋ ಇಲ್ವೋ, ಬಂದ್ರೆ ಯಾವತ್ತು, ಅದನ್ನ ಹೇಳಿ.”

“ಅಯ್ಯೋ, ಎಲ್ಲ ಬಿಡಿಸಿ ಹೇಳ್ಬೇಕಾ ನಿಮಗೆ?”

“ಹೂಂ, ಬಿಡಿಸಿ ಹೇಳಿ,” ಎಂದು ಅವನು ಫೋನ್ ಹಿಡಿದುಕೊಂಡೇ ನಿಂತ.